ಕಾಲು ಸ್ಕೇಲ್ ಕಬ್: ಸ್ಪೀಡ್ ಜಾಸ್ತಿ ಆದ್ರೆ ಬಾಲ ಬರ್ರ್ ಅಂತದೆ, ಸರ್ವೋ ಬದಲಿಸ್ಬೇಕಾ?

ತೀರ್ಥಹಳ್ಳಿ ಕಬ್:
ಎಲ್ರಿಗೂ ನಮಸ್ಕಾರ. ನಂದು ರೇಡಿಯೋದಲ್ಲಿ ಹಾರ್ಸೋ ಮಾದರಿ ವಿಮಾನ, ಪೈಪರ್ ಜೆ-3 ಕಬ್, ಕಾಲು ಸ್ಕೇಲು (ಅಸಲಿನ ನಾಲ್ಕನೇ ಒಂದು ಅಳತೆ), ಪ್ಲಾನ್ ಇಟ್ಕೊಂಡು ಮನೇಲೇ ಕಟ್ಟಿದ್ದು. ರೆಕ್ಕೆ ತುದಿಯಿಂದ ತುದಿಗೆ 2.69 ಮೀಟರ್, ತೂಕ ಎಂಟೂವರೆ ಕೆಜಿ ಹತ್ರ, 35 ಸಿಸಿ ಪೆಟ್ರೋಲ್ ಇಂಜಿನ್. ಬೇಸಿಗೇಲಿ ಯಾವ ತಕರಾರೂ ಇರ್ಲಿಲ್ಲ. ಮಳೆಗಾಲ ಪೂರ್ತಿ ಅಟ್ಟದ ಮೇಲಿತ್ತು, ಈಗ ಗದ್ದೆ ಕೊಯ್ಲಾದ ಮೇಲೆ ತೆಗ್ದು ಹಾರ್ಸಿದ್ರೆ ಹೊಸ ರಗಳೆ. ನಿಧಾನಕ್ಕೆ ಹೋಗ್ತಿದ್ರೆ ಏನೂ ಇಲ್ಲ, ಮೂಗು ಸ್ವಲ್ಪ ಇಳಿಸಿ ಸ್ಪೀಡ್ ತಗೊಂಡ ಕೂಡ್ಲೆ ಬಾಲದ ಕಡೆಯಿಂದ ಬರ್ರ್ ಅಂತ ಸದ್ದು ಬರ್ತದೆ, ಇಂಜಿನ್ ಸದ್ದಿನ ಮೇಲೂ ಸ್ಪಷ್ಟ ಕೇಳ್ತದೆ, ಹತ್ರದಿಂದ ಹಾದು ಹೋಗುವಾಗ ನೋಡಿದ್ರೆ ಎಲಿವೇಟರ್ (ಬಾಲದಲ್ಲಿ ಮೇಲೆ ಕೆಳಗೆ ಆಡೋ ಹಿಂದಿನ ಭಾಗ) ಅಂಚೇ ಮಸುಕು ಮಸುಕು. ಥ್ರಾಟಲ್ ಇಳಿಸಿದ್ರೆ ನಿಲ್ತದೆ. ಎಲಿವೇಟರನ್ನ ಆಡ್ಸೋಕೆ ಒಂದೇ ಸರ್ವೋ ಮೋಟಾರ್, 20 ಕೆಜಿ ಟಾರ್ಕಿಂದು, ಕ್ಯಾಬಿನ್ ಒಳಗಿದೆ. 40 ಕೆಜಿದು ಆರ್ಡರ್ ಮಾಡ್ಲಾ ಅಂತ ಯೋಚನೆ. ಎಂತ ಮಾಡೋದು ಹೇಳಿ.

ಗೇರ್ ಗುಂಡ:
ಸರ್ವೋ ವೀಕ್ ಆಗಿದೆ ಗುರೂ. ಮೆಟಲ್ ಗೇರಿಂದು 40 ಕೆಜಿ ಹಾಕು, ಮುಗೀತು. ಬ್ಯಾಟರಿ ಕಡೆನೂ ನೋಡು, ಲೋಡಲ್ಲಿ ವೋಲ್ಟೇಜ್ ಬಿದ್ರೂ ಸರ್ವೋ ಹಿಡಿತ ಬಿಡ್ತದೆ.

ಸಾಗರದ ಬಾಲ್ಸಾ:
ಸ್ವಲ್ಪ ತಡೀರಿ ಮಾರಾಯ್ರೆ, ಆರ್ಡರ್ ಮಾಡ್ಬೇಡಿ. ಮೊದ್ಲು ಇದು ಬಗೆಹರಿಯೋ ತನಕ ವಿಮಾನ ಮೇಲೆ ಕಳಿಸ್ಬೇಡಿ, ಇದು ಫ್ಲಟರ್, ಒಂದು ಸಲ ಜೋರಾಗಿ ಹಿಡಿದ್ರೆ ಕ್ಷಣದಲ್ಲಿ ಎಲಿವೇಟರ್ ಕಿತ್ಕೊಂಡು ಹೋಗ್ತದೆ, ಆಮೇಲೆ ಎಂಟೂವರೆ ಕೆಜಿ ಯಾರ ತಲೆ ಮೇಲೆ ಬೀಳ್ತದೋ.

ಆಗೋದು ಹೀಗೆ. ಗಾಳಿ ಎಲಿವೇಟರನ್ನ ಒಂಚೂರು ಅಲುಗಿಸ್ತದೆ, ಜೊತೆಗೆ ಸ್ಟೆಬಿಲೈಸರ್ (ಬಾಲದ ಅಲ್ಲಾಡದ ಮುಂಭಾಗ) ಒಂಚೂರು ಬಾಗ್ತದೆ, ಇವೆರಡನ್ನ ಜೋಡಿಸೋ ಹಿಂಜಿನ (ಕೀಲಿನ) ಹಿಂದಿರೋ ತೂಕ ತಡವಾಗಿ ಹಿಂದೆ ಬರ್ತದೆ, ಅದು ಬರೋಷ್ಟ್ರಲ್ಲಿ ಸ್ಟೆಬಿಲೈಸರ್ ವಾಪಸ್ ಹೊರಟಿರ್ತದೆ, ಹೀಗೆ ಪ್ರತಿ ಅಲುಗಾಟಕ್ಕೂ ಗಾಳಿಯಿಂದಲೇ ಶಕ್ತಿ ಸಿಗ್ತದೆ. ಒಂದು ಸ್ಪೀಡಿನ ತನಕ ಅಲುಗಾಟ ತಾನಾಗೇ ಆರ್ತದೆ, ಅದು ದಾಟಿದ್ರೆ ಆರಲ್ಲ, ಬೆಳೀತದೆ. ಇದ್ರಲ್ಲಿ ಸರ್ವೋ ಟಾರ್ಕಿನ ಪಾತ್ರ ಕಮ್ಮಿ. ಸರ್ವೋಗೂ ಎಲಿವೇಟರಿಗೂ ಮಧ್ಯೆ ಲೂಸ್ ಇದ್ರೆ 40 ಅಲ್ಲ, 100 ಕೆಜಿ ಸರ್ವೋ ಹಾಕಿದ್ರೂ ಅದು ಹಿಡ್ಕೊಳ್ಳೋದು ತನ್ನ ಆರ್ಮನ್ನ (ತಿರುಗೋ ಕಡ್ಡಿಯನ್ನ) ಮಾತ್ರ.

ರೇಡಿಯೋ ಆನ್ ಮಾಡಿ, ಸರ್ವೋ ಆರ್ಮ್ ಅಲ್ಲಾಡದ ಹಾಗೆ ಒಬ್ರು ಹಿಡ್ಕೊಳ್ಳಿ, ನೀವು ಎಲಿವೇಟರ್ ಅಂಚನ್ನ ಎರಡು ಬೆರಳಲ್ಲಿ ಮೇಲೆ ಕೆಳಗೆ ಆಡ್ಸಿ. ಎಷ್ಟು ಮಿಲಿಮೀಟರ್ ಆಡ್ತದೆ? ಪುಶ್‌ರಾಡ್ (ಸರ್ವೋದಿಂದ ಎಲಿವೇಟರಿಗೆ ಹೋಗೋ ಕಡ್ಡಿ) ಎಂತದ್ದು, ಸರ್ವೋ ಆರ್ಮಲ್ಲಿ ಎಷ್ಟನೇ ತೂತಲ್ಲಿದೆ, ರೇಡಿಯೋದಲ್ಲಿ ಟ್ರಾವೆಲ್ (ಸರ್ವೋ ಎಷ್ಟು ತಿರುಗ್ಬೇಕು ಅನ್ನೋದು) ಎಷ್ಟು ಪರ್ಸೆಂಟ್ ಇಟ್ಟಿದೀರಿ? ಬಾಲ ಅಲುಗದ ಹಾಗೆ ಎಳೆದು ಕಟ್ಟೋ ಬ್ರೇಸಿಂಗ್ ತಂತಿ ಬಿಗಿ ಉಂಟಾ? ಬೇಸಿಗೆ ಆದ್ಮೇಲೆ ಬಾಲಕ್ಕೆ ಏನಾದ್ರೂ ರಿಪೇರಿ ಮಾಡ್ಸಿದೀರಾ? ಹಾಗೇ ಸರ್ವೋ ಬಿಚ್ಚಿ ಗೇರ್ ಹಲ್ಲು ನೋಡಿ, ಫ್ಲಟರ್ ಆದ್ಮೇಲೆ ಹಲ್ಲು ಸವ್ದಿರೋದು ಮಾಮೂಲು, ಹೊರಗಿಂದ ಕಾಣಲ್ಲ.

ತೀರ್ಥಹಳ್ಳಿ ಕಬ್:
ಅಣ್ಣ, ನೋಡ್ದೆ. ಅಂಚು ಸುಮಾರು 3 ಮಿ.ಮೀ. ಆಡ್ತದೆ. ಪುಶ್‌ರಾಡು ಸೈಕಲ್ ಸ್ಪೋಕು ಬೆಸುಗೆ ಹಾಕಿ ಉದ್ದ ಮಾಡಿದ್ದು, ಮಧ್ಯೆ ಎರಡು ಕಡೆ ಪ್ಲಾಸ್ಟಿಕ್ ಗೈಡ್ ಉಂಟು. ಸರ್ವೋ ಆರ್ಮಲ್ಲಿ ತೀರಾ ಹೊರಗಿನ ತೂತು, ಟ್ರಾವೆಲ್ 55. ಬ್ರೇಸಿಂಗಿಗೆ ಮೀನಿನ ಗಾಳದ ನೈಲಾನ್ ದಾರ ಕಟ್ಟಿದ್ದು, ಬೇಸಿಗೇಲಿ ತಂಬೂರಿ ತಂತಿ ಥರ ಬಿಗಿ ಇತ್ತು, ಈಗ ಬೆರಳಲ್ಲಿ ಒತ್ತಿದ್ರೆ ಜೋಲು. ಗೇರ್ ಹಲ್ಲು ಸರಿ ಇದೆ. ರಿಪೇರಿ ಅಂದ್ರೆ ಮಳೆಗಾಲಕ್ಕೆ ಮುಂಚೆ ಒಂದು ಲ್ಯಾಂಡಿಂಗಲ್ಲಿ ಎಲಿವೇಟರ್ ಹಿಂದಿನ ಅಂಚು ಮುರಿದಿತ್ತು, ಬಾಲ್ಸಾ (ಮಾದರಿ ವಿಮಾನಕ್ಕೆ ಬಳಸೋ ಹಗುರ ಮರ) ಸಿಗ್ಲಿಲ್ಲ, ನಮ್ಮೂರ ಆಚಾರ್ರು ಸಿಲ್ವರ್ ಓಕ್ ಪಟ್ಟಿ ಸಣ್ಣಗೆ ಸೀಳಿ ಕೂರಿಸಿ ಕೊಟ್ರು, ಕೆಲ್ಸ ಮಾತ್ರ ಭಾರಿ ಚೊಕ್ಕ.

ಸಾಗರದ ಬಾಲ್ಸಾ:
ಸಿಕ್ತಲ್ಲ! ಆಚಾರ್ರ ಕೆಲ್ಸ ಚೊಕ್ಕ ಇರ್ಬಹುದು, ಮರ ಮಾತ್ರ ಅಲ್ಲಿಗೆ ಹೇಳಿದ್ದಲ್ಲ. ಸಿಲ್ವರ್ ಓಕ್ ಬಾಲ್ಸಾದ ಮೂರರಷ್ಟಕ್ಕಿಂತ ಜಾಸ್ತಿ ತೂಕ, ಅದೂ ಹಿಂಜಿನಿಂದ ಅತೀ ದೂರದ ಅಂಚಲ್ಲಿ. ಫ್ಲಟರಿಗೆ ಆಹ್ವಾನ ಕೊಡೋದಾದ್ರೆ ತೂಕ ಅಲ್ಲೇ ಹಾಕ್ಬೇಕು ಅನ್ನೋ ಜಾಗ ಅದು. ಅದನ್ನ ತೆಗ್ಸಿ ಬಾಲ್ಸಾ ಹಾಕಿ, ಅಂಚಿಗೆ ಪೇಂಟೂ ದಪ್ಪಗೆ ಬಳೀಬೇಡಿ.

ಇನ್ನು ಲಿಂಕೇಜ್, ಅಂದ್ರೆ ಸರ್ವೋ-ಎಲಿವೇಟರ್ ಜೋಡಣೆ ವಿಷಯ. ಹೊರಗಿನ ತೂತು, 55 ಟ್ರಾವೆಲ್ ಅಂದ್ರೆ ಸರ್ವೋದ ಅರ್ಧ ಕೆಲ್ಸ ವೇಸ್ಟು, ಗೇರಲ್ಲಿರೋ ಸಣ್ಣ ಲೂಸೂ ಎಲಿವೇಟರ್ ಅಂಚಲ್ಲಿ ದೊಡ್ಡದಾಗಿ ಕಾಣ್ತದೆ. ಸರ್ವೋ ಕಡೆ ಒಳಗಿನ ತೂತು, ಎಲಿವೇಟರ್ ಹಾರ್ನಲ್ಲಿ (ಪುಶ್‌ರಾಡ್ ಸಿಕ್ಕಿಸೋ ಕೊಂಬಲ್ಲಿ) ಹೊರಗಿನ ತೂತು, ರೇಡಿಯೋದಲ್ಲಿ ಟ್ರಾವೆಲ್ 100ರ ಹತ್ರ ತನ್ನಿ, ಎಲಿವೇಟರ್ ಬೇಕಾದಷ್ಟು ಮೇಲೆ ಕೆಳಗೆ ಹೋಗೋದು ಅಲ್ಲೇ ಸಿಗ್ತದೆ. ಸ್ಪೋಕು ಸಣ್ಣ ವಿಮಾನಕ್ಕೆ ಒಳ್ಳೇದು, ಒಂದು ಮೀಟರ್ ಉದ್ದಕ್ಕೆ ತಳ್ಳುವಾಗ ಬಾಗ್ತದೆ. ಕಾರ್ಬನ್ ಟ್ಯೂಬ್ ಹಾಕಿ, ಎರಡೂ ತುದಿಗೆ ಬಾಲ್ ಲಿಂಕ್ (ಗುಂಡಿನ ಕೀಲು).

ಸರ್ವೋನ ಬಾಲಕ್ಕೇ ಒಯ್ದು ಪುಶ್‌ರಾಡ್ ಗಿಡ್ಡ ಮಾಡಿ ಅಂತ ಹೇಳೋರು ಬರ್ತಾರೆ. ಲೆಕ್ಕ ಹಾಕಿ ನೋಡಿ: 60 ಗ್ರಾಂನ ಎರಡು ಸರ್ವೋ, ಸಿಜಿಯಿಂದ (ವಿಮಾನದ ತೂಕ ಸಮ ನಿಲ್ಲೋ ಬಿಂದುವಿಂದ) 1.1 ಮೀಟರ್ ಹಿಂದೆ. ಅದನ್ನ ಸರಿದೂಗಿಸೋಕೆ ಮೂಗಲ್ಲಿ, ಸಿಜಿಯಿಂದ 45 ಸೆಂ.ಮೀ. ಮುಂದೆ, ಸುಮಾರು 300 ಗ್ರಾಂ ಸೀಸ ಬೇಕು. ಕಬ್ ಥರದ ಗಿಡ್ಡ ಮೂಗಿನ ವಿಮಾನಕ್ಕೆ ಅದು ಬೇಡದ ಭಾರ.

ಹಿಂಜಿನ ಸಂದಿಗೆ ಕೆಳಗಡೆಯಿಂದ ತೆಳು ಪಾರದರ್ಶಕ ಟೇಪ್ ಹಾಕಿ, ಎಲಿವೇಟರ್ ಪೂರ್ತಿ ಮೇಲೆ ಎತ್ತಿಟ್ಕೊಂಡು ಅಂಟಿಸ್ಬೇಕು, ಇಲ್ಲಾಂದ್ರೆ ಎಳೆದು ಹಿಡೀತದೆ. ಎಲ್ಲಾ ಮಾಡಿದ ಮೇಲೂ ಸದ್ದು ಬಂದ್ರೆ ಹಿಂಜಿನ ಮುಂದೆ ತೂಕ ಕೊಡೋ ಉಪಾಯ ಉಂಟು, ಆಗ ನೋಡೋಣ.

ಆಗುಂಬೆ ಮಳೆ:
ನೈಲಾನ್ ದಾರದ ಬಗ್ಗೆ ಯಾರೂ ಹೇಳಿಲ್ಲ. ನೈಲಾನ್ ತೇವ ಕುಡಿದ್ರೆ ಉದ್ದ ಆಗ್ತದೆ, ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳೀಲೂ ನೀರೇ. ಗಾಳದ ಅಂಗಡೀಲೇ ನೈಲಾನ್ ಹೊದಿಕೆಯ ಸ್ಟೀಲ್ ತಂತಿ ಸಿಗ್ತದೆ, ಅದು ಕಟ್ಟಿ, ಕೊನೇಲಿ ಬಿಗಿ ಮಾಡೋಕೆ ಸಣ್ಣ ಕ್ಲೆವಿಸ್ (ತಿರುಪಿನ ಕೊಂಡಿ) ಇಡಿ. ಸ್ಟೆಬಿಲೈಸರ್ ತಿರುಚಿದ್ಯಾ ಅಂತ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ, ಮೇಲೆ ಹೊದಿಸಿರೋ ಫಿಲ್ಮ್ ಜೋತಿದ್ರೆ ಇಸ್ತ್ರಿ ಹೊಡೀರಿ.

ಇನ್ನು ಅಟ್ಟದಲ್ಲಿ ಇಡೋದು: ಒಲೆ ಮೇಲಿನ ಅಟ್ಟ ಆದ್ರೆ ಒಣಗಿರ್ತದೆ ಆದ್ರೆ ಮಸಿ, ಕೊಟ್ಟಿಗೆ ಮೇಲಿಂದು ಆದ್ರೆ ತೇವ. ನಾನು ಹಳೇ ಬೀರೂನಲ್ಲಿ ಒಂದು ಸಣ್ಣ ಬಲ್ಬ್ ಹಾಕಿಟ್ಟು ಬಾಲ, ರೆಕ್ಕೆ ತುದಿ ಭಾಗ ಇಡ್ತೀನಿ. ಅಡಿಕೆ ಡ್ರೈಯರ್ ಒಳಗೆ ತಗುಲಿಹಾಕೋ ಐಡಿಯಾ ನಮ್ಮನೇಲೂ ಬಂದಿತ್ತು, ಬೇಡ, ಆ ಬಿಸೀಲಿ ಫಿಲ್ಮ್ ಸುಕ್ಕಾಗ್ತದೆ.

ಗೇರ್ ಗುಂಡ:
ಒಪ್ಪಿದೆ ಸಾಗರದವ್ರೇ. ಕಬ್‌ನವ್ರೇ, ಸರಿಯಾದ ಮೇಲೆ ಶಿವಮೊಗ್ಗಕ್ಕೆ ತನ್ನಿ, ಆದ್ರೆ ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈ ಮ್ಯಾಪ್ ನೋಡ್ಕೊಂಡು ಜಾಗ ಹುಡ್ಕೋಣ. ಸೋಗಾನೆ ಏರ್‌ಪೋರ್ಟ್ 2023ರಲ್ಲಿ ಶುರುವಾದ್ಮೇಲೆ ಮುಂಚಿನ ಹಾಗೆ ಸಿಕ್ಕಿದ ಬಯಲಲ್ಲಿ ಹಾರ್ಸೋ ಹಂಗಿಲ್ಲ. ಏರ್‌ಪೋರ್ಟ್ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ ಎತ್ತರದ ತನಕ, ಅದರಾಚೆ ಗ್ರೀನ್ ಝೋನಲ್ಲಿ (ಮ್ಯಾಪಲ್ಲಿ ಹಸಿರು ಜಾಗ) 400 ಅಡಿ ತನಕ.

ತೀರ್ಥಹಳ್ಳಿ ಕಬ್:
ಎಲ್ಲಾ ಮಾಡಿ ಮುಗೀತು. ಆಚಾರ್ರ ಪಟ್ಟಿ ತೆಗ್ಯುವಾಗ ಜೀವ ಚುರ್ ಅಂತು, ಅವ್ರಿಗೆ ಹೇಳಿಲ್ಲ. ಕಾರ್ಬನ್ ಟ್ಯೂಬು, ಬಾಲ್ ಲಿಂಕು, ಸ್ಟೀಲ್ ತಂತಿ, ಟೇಪ್ ಎಲ್ಲಾ ಹಾಕಿ ನೋಡಿದ್ರೆ ಅಂಚು ಅರ್ಧ ಮಿ.ಮೀ. ಕೂಡ ಆಡ್ತಿಲ್ಲ. ಬೆಳಿಗ್ಗೆ ಗಾಳಿ ಏಳೋ ಮುಂಚೆ ಹಾರಿಸ್ದೆ, ಸ್ಪೀಡ್ ಮೆಲ್ಲ ಮೆಲ್ಲ ಏರಿಸ್ತಾ ಹೋದೆ, ಹಿಂದೆ ಸದ್ದು ಬರ್ತಿದ್ದ ಸ್ಪೀಡ್ ದಾಟಿದ್ರೂ ಏನೂ ಇಲ್ಲ. ಆದ್ರೆ ಈಗ ಸ್ವಲ್ಪ ಮೂಗು ಭಾರ ಅನ್ನಿಸ್ತದೆ, ನೆಟ್ಟಗೆ ಹೋಗೋಕೆ ಅಪ್ ಟ್ರಿಮ್ ಬೇಕಾಗ್ತಿದೆ, ಅದೆಂತಕ್ಕೆ?

ಸಾಗರದ ಬಾಲ್ಸಾ:
ಬಾಲದ ತೂಕ ಇಳೀತಲ್ಲ ಮಾರಾಯ್ರೆ, ಸಿಜಿ ಮುಂದೆ ಬಂದಿದೆ. ಓಕ್ ಪಟ್ಟಿ ಹಾಕಿದಾಗ ಮೂಗಿಗೆ ಸೀಸ ಸೇರ್ಸಿದ್ರೆ ಈಗ ಅದನ್ನ ತೆಗೀರಿ, ಇಲ್ಲಾಂದ್ರೆ ಬ್ಯಾಟರಿ ಹಿಂದೆ ಸರ್ಸಿ. ನಿಮ್ಮ ರೆಕ್ಕೆ ಅಗಲ (ಮುಂದಿನ ಅಂಚಿಂದ ಹಿಂದಿನ ಅಂಚಿಗೆ) 40 ಸೆಂ.ಮೀ. ಬರ್ತದೆ, ಹಾಗಾಗಿ ಸಿಜಿ ಮುಂದಿನ ಅಂಚಿಂದ 10ರಿಂದ 12 ಸೆಂ.ಮೀ. ಹಿಂದೆ ಇರ್ಲಿ. ಟ್ಯಾಂಕ್ ಖಾಲಿ ಇಟ್ಕೊಂಡೇ ತೂಗಿ ನೋಡಿ, ಕಬ್‌ನಲ್ಲಿ ಟ್ಯಾಂಕ್ ಇರೋದು ಮೂಗಿನ ಕಡೆ, ಪೆಟ್ರೋಲ್ ಖರ್ಚಾದಂಗೆ ಸಿಜಿ ಹಿಂದೆ ಹೋಗ್ತದೆ.