ತುಪ್ಪದ ಬದಲು ತೆಂಗಿನೆಣ್ಣೆ: ಬೆಳಗಿನ ತಿಂಡಿಗೆ ಎಲ್ಲಿ ಸರಿ, ಎಲ್ಲಿ ಬೇಡ?

ಪ್ರಶ್ನೆ (ಮಡಿಕೇರಿ): ನಮ್ಮ ಹೋಮ್‌ಸ್ಟೇಗೆ ಬರುವ ಅತಿಥಿಗಳು ಮಾಂಸ, ಮೊಟ್ಟೆ ಇರಲಿ, ಹಾಲು-ತುಪ್ಪವನ್ನೂ ಮುಟ್ಟುವುದಿಲ್ಲ. ತಿಂಡಿಗೆ ಅಕ್ಕಿ ಒಟ್ಟಿ (ನಮ್ಮ ಕಡೆಯ ಅಕ್ಕಿ ರೊಟ್ಟಿ), ಪಾಪುಟ್ಟು (ಅಕ್ಕಿ ತರಿಗೆ ಹಾಲು, ಕಾಯಿ ಹಾಕಿ ಹಬೆಯಲ್ಲಿ ಬೇಯಿಸುವ ತಿಂಡಿ), ಉಪ್ಪಿಟ್ಟು, ಕೇಸರಿಬಾತ್. ತುಪ್ಪ ಇರುವ ಕಡೆಯೆಲ್ಲ ಅಷ್ಟೇ ಅಳತೆ ತೆಂಗಿನೆಣ್ಣೆ ಹಾಕಬಹುದೇ? ಮಾಡಿ ಗೊತ್ತಿರುವವರು ಹೇಳಿ.

ವಿರಾಜಪೇಟೆಯಿಂದ: ಎರಡರಲ್ಲೂ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಚಮಚಕ್ಕೆ ಚಮಚ ಸರಿಹೋಗುತ್ತದೆ. ಆದರೆ ಒಟ್ಟಿಯ ಹಿಟ್ಟಿಗೆ ಯಾವ ಜಿಡ್ಡೂ ಬೇಕಿಲ್ಲ. ಒಂದು ಕಪ್ ಮೆತ್ತಗೆ ಬೆಂದ ಬಿಸಿ ಅನ್ನಕ್ಕೆ ಸುಮಾರು ಒಂದು ಕಪ್ ಅಕ್ಕಿ ಹಿಟ್ಟು, ಉಪ್ಪು ಹಾಕಿ ಚೆನ್ನಾಗಿ ನಾದಿ. ಒಣ ಕಾವಲಿಯಲ್ಲೇ ಎರಡೂ ಬದಿ ಬೇಯಿಸಿ, ಆಮೇಲೆ ಕೆಂಡದ ಮೇಲೆ ಉಬ್ಬಿಸಿ. ಕಾವಲಿಗೆ ಎಣ್ಣೆ ಹಾಕಿದರೆ ಅಲ್ಲಲ್ಲಿ ಹುರಿದು ಗಟ್ಟಿಯಾಗಿ ಒಟ್ಟಿ ಸರಿಯಾಗಿ ಉಬ್ಬುವುದಿಲ್ಲ. ತುಪ್ಪದ ಕೆಲಸ ಕೊನೆಗೆ ಮೇಲೆ ಸವರುವುದಷ್ಟೇ. ಅಲ್ಲಿ ತೆಂಗಿನೆಣ್ಣೆಯನ್ನು ಅರ್ಧಕ್ಕೆ ಇಳಿಸಿ, ಇಲ್ಲದಿದ್ದರೆ ಅದರ ವಾಸನೆಯೇ ಮುಂದಾಗುತ್ತದೆ. ಜೊತೆಗೆ ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಇದ್ದರೆ ತುಪ್ಪ ಇಲ್ಲ ಅನ್ನಿಸುವುದೇ ಇಲ್ಲ.

ಸೋಮವಾರಪೇಟೆಯಿಂದ: ಉಪ್ಪಿಟ್ಟಿಗೆ ಚಿಂತೆ ಬೇಡ. ಒಂದು ಕಪ್ ರವೆಗೆ ಎರಡು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಸಾಕು. ತೆಂಗಿನೆಣ್ಣೆಯೂ ಆಗುತ್ತದೆ, ಕರಿಬೇವಿಗೆ ಚೆನ್ನಾಗಿ ಹೊಂದುತ್ತದೆ.

ತೊಂದರೆ ಇರುವುದು ಕೇಸರಿಬಾತ್‌ನಲ್ಲಿ. ತುಪ್ಪದಲ್ಲಿ ಹುರಿಯುವಾಗ ಬರುವ ಘಮದಿಂದ ರವೆ ಹದಕ್ಕೆ ಬಂತೆಂದು ತಿಳಿಯುತ್ತದೆ. ತೆಂಗಿನೆಣ್ಣೆಯಲ್ಲಿ ಆ ಗುರುತು ಸಿಗದು. ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಿರಿ, ಕಾಳು ಬಿಡಿಬಿಡಿಯಾಗಿ ಬಣ್ಣ ತುಸು ತಿರುಗಿದ ಕೂಡಲೇ ಕುದಿಯುವ ನೀರು ಹಾಕಿ. ಒಂದು ಕಪ್ ರವೆಗೆ ಅರ್ಧ ಕಪ್ ತುಪ್ಪ ಹಾಕುವ ರೂಢಿ ಇದ್ದರೆ, ತೆಂಗಿನೆಣ್ಣೆ ಕಾಲು ಕಪ್ ದಾಟಬೇಡಿ. ಆರಿದ ಮೇಲೆ ಅದು ಹೆಪ್ಪುಗಟ್ಟಿ ಬಾಯಲ್ಲಿ ಮೇಣದ ಹಾಗೆ ಅಂಟುತ್ತದೆ. ಹಬೆಯಾಡುವಾಗಲೇ ಬಡಿಸಿ. ತಣ್ಣಗೆ ಇಡಬೇಕೆಂದರೆ ವಾಸನೆ ಇಲ್ಲದ ಸೂರ್ಯಕಾಂತಿ ಎಣ್ಣೆಯೇ ಒಳ್ಳೆಯದು.

ಮಡಿಕೇರಿಯಿಂದ: ಮಳೆಗಾಲದಲ್ಲಿ ನಮ್ಮಲ್ಲಿ ತೆಂಗಿನೆಣ್ಣೆ ಬಾಟಲಿಯೊಳಗೇ ಕಲ್ಲಾಗುತ್ತದೆ, ಸುಮಾರು 24 ಡಿಗ್ರಿಗಿಂತ ಕೆಳಗೆ ಹಾಗೇ. ಗಟ್ಟಿ ಎಣ್ಣೆಯನ್ನು ಚಮಚದ ತುಂಬ ಗುಡ್ಡೆ ಮಾಡಿ ತೆಗೆದರೆ ಅಳತೆ ಹೆಚ್ಚಾಗುತ್ತದೆ. ಬಾಟಲಿಯನ್ನು ಬಿಸಿನೀರಲ್ಲಿ ನಿಲ್ಲಿಸಿ, ಕರಗಿದ ಮೇಲೆ ಅಳೆಯಿರಿ. ತಲೆಗೆ ಹಚ್ಚುವ ಎಣ್ಣೆ ತರಬೇಡಿ, ಪೊಟ್ಟಣದ ಮೇಲೆ ಅಡುಗೆಗೆ ಅಂತ ಬರೆದಿದೆಯೇ ನೋಡಿ.

ಪ್ರಶ್ನೆ ಕೇಳಿದವರು: ಮಾರ್ಗರೀನ್, ಡಾಲ್ಡಾ ನಡೆಯುತ್ತದೆಯೇ? ಪಾಪುಟ್ಟಿನ ಹಾಲಿಗೆ ಏನು ಮಾಡಲಿ?

ಗೋಣಿಕೊಪ್ಪದಿಂದ: ಕೆಲವು ಮಾರ್ಗರೀನ್‌ಗಳಲ್ಲಿ ಹಾಲಿನ ಅಂಶ ಇರುತ್ತದೆ, ಪಟ್ಟಿ ಓದದೆ ಕೊಳ್ಳಬೇಡಿ. ಡಾಲ್ಡಾ ಹಾಲಿನದಲ್ಲ, ಆದರೂ ಆರಿದರೆ ಅದೇ ಮೇಣದ ಕಾಟ. ನನ್ನ ಮಟ್ಟಿಗೆ ಎರಡೂ ಬೇಡ.

ಪಾಪುಟ್ಟಿಗೆ ಒಂದು ಕಪ್ ಅಕ್ಕಿ ತರಿ, ಒಂದು ಕಪ್ ತೆಂಗಿನ ತುರಿ, ಒಂದು ಕಪ್ ತೆಳು ಕಾಯಿಹಾಲು, ಒಂದು ಕಪ್ ನೀರು, ಉಪ್ಪು. ಮೊದಲು ಹಿಂಡಿದ ದಪ್ಪ ಹಾಲು ಬೇಡ, ಬೇಯುವಾಗ ಎಣ್ಣೆ ಬಿಟ್ಟು ಮೇಲೆ ಜಿಡ್ಡು ನಿಲ್ಲುತ್ತದೆ. ತಟ್ಟೆಗೆ ಅರ್ಧ ಚಮಚ ತೆಂಗಿನೆಣ್ಣೆ ಸವರಿ, ಹಬೆಯಲ್ಲಿ 20ರಿಂದ 25 ನಿಮಿಷ. ತರಿ ತಳಕ್ಕೆ ಇಳಿಯುವುದರಿಂದ ತಟ್ಟೆಗೆ ಹುಯ್ಯುವ ಮುಂಚೆ ಒಮ್ಮೆ ಕಲಕಿ.

ವಿರಾಜಪೇಟೆಯಿಂದ: ಇನ್ನೊಂದು ಮುಖ್ಯ ಮಾತು. ಹಂದಿ ಕೊಬ್ಬಲ್ಲೋ ತುಪ್ಪದಲ್ಲೋ ಪಳಗಿದ ಕಬ್ಬಿಣದ ಕಾವಲಿ ತೊಳೆದರೂ ಆ ಜಿಡ್ಡನ್ನು ಪೂರ್ತಿ ಬಿಡುವುದಿಲ್ಲ. ಇವರಿಗೆ ಬೇರೆ ಕಾವಲಿ ಇಡಿ, ಸ್ಟೀಲಿನದಾದರೂ ಸರಿ. ಮೇಲೆ ಸವರುವ ಕುಂಚವೂ ಬೇರೆಯೇ ಇರಲಿ.