ಹಡಗಿನ ಅಧಿಪತ್ಯ ಯಾರಿಗೆ? ನಿವೃತ್ತ ನೌಕಾಧಿಕಾರಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ರಾಜಾಜಿನಗರದ ತಾಯಿಯೊಬ್ಬರು): ನಮಸ್ಕಾರ ಸರ್. ಮಗ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಗೆ ಓದುತ್ತಿದ್ದಾನೆ, ನೌಕಾಪಡೆಯೇ ಬೇಕೆಂದು ಹಟ ಹಿಡಿದಿದ್ದಾನೆ. 2017ರಲ್ಲಿ ಅಮೆರಿಕದ ಎರಡು ಯುದ್ಧನೌಕೆಗಳು ವಾಣಿಜ್ಯ ಹಡಗುಗಳೊಂದಿಗೆ ಡಿಕ್ಕಿಯಾದವಂತೆ. ಅಷ್ಟೆಲ್ಲ ರೇಡಾರ್ ಇದ್ದೂ ಹೀಗೇಕಾಯಿತು? ಅಂಥ ಕ್ಯಾಪ್ಟನ್‌ಗಳನ್ನು ಆರಿಸಿದ್ದು ಯಾರು?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಎರಡನೆಯ ಪ್ರಶ್ನೆಯನ್ನು ಹೆಚ್ಚು ಜನ ಕೇಳುವುದೇ ಇಲ್ಲ, ಕೇಳಿದ್ದಕ್ಕೆ ಸಂತೋಷ.

ಜೂನ್ 17ರ ನಡುರಾತ್ರಿ ಕಳೆದ ಮೇಲೆ, ಜಪಾನಿನ ಕರಾವಳಿಯ ಬಳಿ ಫಿಟ್ಜ್‌ಜೆರಾಲ್ಡ್ ಎಂಬ ಹಡಗಿಗೆ ಡಿಕ್ಕಿಯಾಗಿ 7 ನಾವಿಕರು ಸತ್ತರು. ಕ್ಯಾಪ್ಟನ್ ತಮ್ಮ ಕ್ಯಾಬಿನ್‌ನಲ್ಲಿ ಮಲಗಿದ್ದರು. ಅದು ತಪ್ಪಲ್ಲ, ಯಾರೂ ಹಗಲೂ ರಾತ್ರಿ ಬ್ರಿಡ್ಜ್ ಮೇಲೆ, ಅಂದರೆ ಹಡಗು ನಡೆಸುವ ಕಟ್ಟೆಯ ಮೇಲೆ, ನಿಂತಿರಲಾರರು. ಅದಕ್ಕೆಂದೇ ಪ್ರತಿ ಹಡಗಿನಲ್ಲಿ ಕ್ಯಾಪ್ಟನ್ನರ ಸ್ಥಾಯಿ ಆದೇಶಗಳಿರುತ್ತವೆ, ಜೊತೆಗೆ ರಾತ್ರಿ ಆದೇಶದ ಪುಸ್ತಕ. ಬೇರೆ ಹಡಗು ಇಂತಿಷ್ಟು ಸಮೀಪ ಬಂದರೆ ನನ್ನನ್ನು ಎಬ್ಬಿಸಿ ಎಂದು ಅದರಲ್ಲಿ ಬರೆದಿರುತ್ತದೆ. ವಾಚ್‌ಗೆ (ಕಾವಲು ಪಾಳಿಗೆ) ಬರುವ ಅಧಿಕಾರಿ ಮಂದ ಕೆಂಪು ದೀಪದಡಿ ಅದನ್ನು ಓದಿ ಸಹಿ ಹಾಕಿಯೇ ಹೊಣೆ ವಹಿಸಿಕೊಳ್ಳುತ್ತಾರೆ. ಆ ರಾತ್ರಿ ಸುತ್ತಲೂ ಹಡಗುಗಳಿದ್ದವು, ಆದರೆ ವಾಚ್ ಅಧಿಕಾರಿ ಕ್ಯಾಪ್ಟನ್‌ಗೆ ಕರೆ ಮಾಡಲೇ ಇಲ್ಲ. ಬ್ರಿಡ್ಜ್ ಮೇಲಿದ್ದವರಿಗೂ ಕೆಳಗೆ ರೇಡಾರ್ ನೋಡುತ್ತಿದ್ದವರಿಗೂ ಸರಿಯಾದ ಮಾತುಕತೆಯೇ ನಡೆದಿರಲಿಲ್ಲ.

ಆಗಸ್ಟ್ 21ರಂದು ಸಿಂಗಪುರದ ಬಳಿ ಮೆಕೇನ್ ಹಡಗಿನಲ್ಲಿ 10 ಮಂದಿ ಸತ್ತರು. ಅಲ್ಲಿ ಚುಕ್ಕಾಣಿಯ ನಿಯಂತ್ರಣ ಒಂದು ಪರದೆಯಿಂದ ಇನ್ನೊಂದಕ್ಕೆ ಹೋದದ್ದು ಚುಕ್ಕಾಣಿ ಹಿಡಿದವನಿಗೇ ಗೊತ್ತಾಗಲಿಲ್ಲ. ಎರಡೂ ಹಡಗಿನ ಕ್ಯಾಪ್ಟನ್‌ಗಳನ್ನು ಹುದ್ದೆಯಿಂದ ಇಳಿಸಿದರು, ಏಳನೇ ನೌಕಾದಳದ ಮುಖ್ಯಸ್ಥ ವೈಸ್ ಅಡ್ಮಿರಲ್ ಜೋಸೆಫ್ ಆಕೊಯಿನ್ ಅವರನ್ನೂ ಇಳಿಸಿದರು. ಆದರೆ 2003ರಲ್ಲಿ ಹೊಸ ಅಧಿಕಾರಿಗಳ ತಿಂಗಳುಗಟ್ಟಲೆಯ ತರಬೇತಿ ಶಾಲೆಯನ್ನು ನಿಲ್ಲಿಸಿ, ಸಿಡಿಗಳನ್ನು ಕೊಟ್ಟು ಹಡಗಿನಲ್ಲೇ ಕಲಿತುಕೊಳ್ಳಿ ಎಂದವರು ಯಾರು? ಅವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಪ್ರಶ್ನೆ (ಬಸವನಗುಡಿಯ ಓದುಗರು): ನಮ್ಮಲ್ಲಿ ನೌಕಾಪಡೆಯ ಮುಖ್ಯಸ್ಥರನ್ನು ಆರಿಸುವಾಗ ಸೇವಾಹಿರಿತನವನ್ನೇ ಪಾಲಿಸಿದರೆ ವಿವಾದವೇ ಇರುವುದಿಲ್ಲವಲ್ಲ?

ಉತ್ತರ: ವಿವಾದ ಇರುವುದಿಲ್ಲ ನಿಜ, ಆದರೆ ಯೋಗ್ಯರೇ ಬರುತ್ತಾರೆಂಬ ಖಾತರಿಯೂ ಇರುವುದಿಲ್ಲ. 2013ರ ಆಗಸ್ಟ್‌ನಲ್ಲಿ ಮುಂಬೈ ಬಂದರಿನಲ್ಲಿ ಸಿಂಧುರಕ್ಷಕ್ ಜಲಾಂತರ್ಗಾಮಿ ಸ್ಫೋಟಗೊಂಡು 18 ಜನ ಸತ್ತರು. 2014ರ ಫೆಬ್ರುವರಿ 26ರಂದು ಸಿಂಧುರತ್ನದಲ್ಲಿ ಅವಘಡವಾಗಿ ಇಬ್ಬರು ಅಧಿಕಾರಿಗಳು ತೀರಿಕೊಂಡರು. ಆಗ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಿ.ಕೆ. ಜೋಶಿ ನೈತಿಕ ಹೊಣೆ ಹೊತ್ತು ಅಂದೇ ರಾಜೀನಾಮೆ ಕೊಟ್ಟರು. ಅವರ ನಂತರ ಬಂದವರು ರಾಬಿನ್ ಧೋವನ್. ಅವರಿಗಿಂತ ಹಿರಿಯರಾಗಿದ್ದ ಪಶ್ಚಿಮ ಕಮಾಂಡ್ ಮುಖ್ಯಸ್ಥ ಶೇಖರ್ ಸಿನ್ಹಾ ಅವಧಿಗೆ ಮೊದಲೇ ನಿವೃತ್ತಿ ಕೇಳಿದರು. 2019ರಲ್ಲಿ ಕರಂಬೀರ್ ಸಿಂಗ್ ಅವರನ್ನು ಆರಿಸಿದಾಗ ಹಿರಿಯರಾದ ಬಿಮಲ್ ವರ್ಮಾ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೇ ಹೋದರು.

ಆರಿಸುವ ಅಧಿಕಾರ ಸರ್ಕಾರದ್ದು, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಹಿಂದೆ ಬಿದ್ದವರಿಗೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ನಾಲ್ಕು ದಶಕ ದುಡಿದವರಿಗೆ ಅಷ್ಟು ಸಲ್ಲಬೇಡವೇ?

ಪ್ರಶ್ನೆ: ಹಾಗಾದರೆ ಯೋಗ್ಯತೆಯನ್ನು ಅಳೆಯುವುದು ಹೇಗೆ?

ಉತ್ತರ: ಬಡ್ತಿಯ ಆಧಾರ ಇಷ್ಟು ಕಾಲ ಗೌಪ್ಯ ವರದಿಯೇ ಆಗಿತ್ತು. ಅದನ್ನು ಬರೆಯುವವರು ಮೇಲಧಿಕಾರಿಗಳು ಮಾತ್ರ. ಉಂಡವರನ್ನು ಬಿಟ್ಟು ಬಡಿಸಿದವರನ್ನು ರುಚಿ ಕೇಳಿದ ಹಾಗೆ. ಮೇಲಿನವರ ಮುಂದೆ ಚುರುಕಾಗಿ, ವಿನಯವಾಗಿ ಇರುವ ಅಧಿಕಾರಿ ತನ್ನ ಕಿರಿಯರ ಮೇಲೆ ಹೇಗೆ ಹಾರಾಡುತ್ತಾನೆಂಬುದು ಅಲ್ಲಿ ದಾಖಲಾಗುವುದೇ ಇಲ್ಲ. 2024ರಲ್ಲಿ ನಮ್ಮ ನೌಕಾಪಡೆ ಬಡ್ತಿ ಮಂಡಳಿಗಳಿಗಾಗಿ ಸಹೋದ್ಯೋಗಿಗಳ ಮತ್ತು ಕೆಳಗಿನವರ ಅಭಿಪ್ರಾಯವನ್ನೂ ಪಡೆಯುವ 360 ಡಿಗ್ರಿ ಮೌಲ್ಯಮಾಪನ ತಂದಿತು. ವೃತ್ತಿಜ್ಞಾನ, ನಾಯಕತ್ವ, ಯುದ್ಧ ಮತ್ತು ಬಿಕ್ಕಟ್ಟಿನಲ್ಲಿ ಸಲ್ಲುತ್ತಾರೆಯೇ ಎಂಬ ಪ್ರಶ್ನೆಗಳು ಅದರಲ್ಲಿವೆ. ನಾನು ಇದರ ಪರ. ಆ ಪಟ್ಟಿಯಲ್ಲಿ ಒಂದು ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚಿನ ತೂಕ ಸಿಗಬೇಕು: ಅನುಮಾನ ಬಂದರೆ ಈ ಮನುಷ್ಯನನ್ನು ರಾತ್ರಿ ಎರಡು ಗಂಟೆಗೆ ಎಬ್ಬಿಸಲು ನಿಮಗೆ ಅಂಜಿಕೆಯಾಗುತ್ತದೆಯೇ?

ಪ್ರಶ್ನೆ: ಕೆಳಗಿನವರು ಸಡಿಲ ಬಿಟ್ಟವರಿಗೇ ಅಂಕ ಕೊಡುವುದಿಲ್ಲವೇ?

ಉತ್ತರ: ಆ ಅಪಾಯ ಇದೆ. ಆದರೆ ನಾವಿಕರು ದಡ್ಡರಲ್ಲ. ಬಿರುಗಾಳಿಯಲ್ಲಿ ತಮ್ಮ ಜೀವ ಯಾರ ಕೈಯಲ್ಲಿರಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. ಒಬ್ಬಿಬ್ಬರ ಮಾತಿನ ಮೇಲೆ ತೀರ್ಮಾನಿಸದೆ, ಹಲವು ಹಡಗುಗಳಲ್ಲಿ ಜೊತೆಗಿದ್ದವರನ್ನೆಲ್ಲ ಕೇಳಿದರೆ ಒಬ್ಬರ ಹಗೆತನವೂ ಓಲೈಕೆಯೂ ಕರಗಿಹೋಗುತ್ತವೆ.

ಪ್ರಶ್ನೆ: 2024ರಲ್ಲಿ ಸಮೋವಾ ಬಳಿ ಮುಳುಗಿದ ನ್ಯೂಜಿಲೆಂಡ್ ನೌಕೆಯ ಕ್ಯಾಪ್ಟನ್ ಮಹಿಳೆ. ಮಹಿಳೆಯರಿಗೆ ಹಡಗು ಕೊಟ್ಟದ್ದೇ ತಪ್ಪು ಎನ್ನುತ್ತಾರೆ.

ಉತ್ತರ: ಅಂದವರು ಏನೂ ತಿಳಿಯದೆ ಅಂದಿದ್ದಾರೆ. ಆ ನೌಕೆ, ಮನವಾನುಯಿ, ಹವಳದ ದಿಬ್ಬಕ್ಕೆ ಬಡಿದದ್ದು ಆಟೋಪೈಲಟ್ ಚಾಲನೆಯಲ್ಲೇ ಉಳಿದುಬಿಟ್ಟದ್ದರಿಂದ. ಹಡಗು ಮುಳುಗುವ ಮೊದಲು 75 ಜನರೂ ಜೀವಂತ ಪಾರಾದರು. ಮೇಲೆ ಹೇಳಿದ ಎರಡು ಡಿಕ್ಕಿಗಳಲ್ಲಿ ಕ್ಯಾಪ್ಟನ್‌ಗಳು ಗಂಡಸರೇ, ಆಗ ಯಾರೂ ಗಂಡಸುತನದ ಮಾತೆತ್ತಲಿಲ್ಲ. ನಮ್ಮಲ್ಲೂ ಪ್ರೇರಣಾ ದೇವಸ್ಥಳಿ ಅವರಿಗೆ ಐಎನ್‌ಎಸ್ ತ್ರಿಂಕಟ್‌ನ ಅಧಿಪತ್ಯ ಸಿಕ್ಕಿತು, ಅರ್ಹತೆಯಿಂದ.

ಪ್ರಶ್ನೆ (ಮೊದಲಿನ ತಾಯಿ): ಮಗನಿಗೆ ಈಗಿನಿಂದ ಏನು ಹೇಳಿಕೊಡಲಿ ಸರ್?

ಉತ್ತರ: ಕಾಲೇಜಿನಲ್ಲಿ ಎನ್‌ಸಿಸಿ ನೌಕಾ ವಿಭಾಗ ಇದ್ದರೆ ಸೇರಿಸಿ. ಮುಂದೆ ಆಯ್ಕೆ ಕೇಂದ್ರದ ಗುಂಪು ಚಟುವಟಿಕೆಗಳಲ್ಲಿ ದನಿ ಎತ್ತಿದವನೇ ನಾಯಕ ಎಂದು ಕೋಚಿಂಗ್‌ನವರು ಹೇಳಿಕೊಟ್ಟರೆ ನಂಬಬೇಡಿ. ಹಿಂದೆ ನಿಂತ ಹುಡುಗನ ಸಲಹೆ ಸರಿಯಿದ್ದರೆ ಅದನ್ನು ಒಪ್ಪಿ ಕೆಲಸ ಮುಂದುವರಿಸುವುದನ್ನು ಅವನು ಈಗಲೇ, ಮನೆಯಲ್ಲಿ, ತಂಗಿಯ ಜೊತೆಗೋ ಗೆಳೆಯರ ಜೊತೆಗೋ ರೂಢಿಸಿಕೊಳ್ಳಲಿ. ಇನ್ನೇನಾದರೂ ಕೇಳುವುದಿದ್ದರೆ ಅವನೇ ಇಲ್ಲಿ ಬರೆಯಲಿ, ಉತ್ತರಿಸುತ್ತೇನೆ.