ಸ್ಯಾಟ್ ವ್ಯಾಕರಣ: ಕಿವಿಯನ್ನು ನಂಬಬಹುದೇ?

ಪ್ರಶ್ನೆ (ದ್ವಿತೀಯ ಪಿಯು ವಿದ್ಯಾರ್ಥಿನಿ, ಹುಬ್ಬಳ್ಳಿ): ನಮಸ್ಕಾರ ಮೇಡಂ. ಅಮೆರಿಕದ ಕಾಲೇಜುಗಳಿಗಾಗಿ ಸ್ಯಾಟ್ ಬರೆಯುತ್ತಿದ್ದೇನೆ. ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ವ್ಯಾಕರಣದ ಪ್ರಶ್ನೆಗಳಲ್ಲಿ ಮನಸ್ಸಿನಲ್ಲೇ ಓದಿಕೊಂಡು, ಕಿವಿಗೆ ಸರಿ ಎನಿಸಿದ್ದನ್ನು ಆರಿಸುತ್ತೇನೆ. ಹೆಚ್ಚಾಗಿ ತಪ್ಪಾಗುತ್ತದೆ. ದೊಡ್ಡಪ್ಪನ ಮಗ ತಾನು ಓದಿದ್ದ ಜಿಮ್ಯಾಟ್‌ನ (ಎಂಬಿಎ ಪ್ರವೇಶ ಪರೀಕ್ಷೆಯ) ವಾಕ್ಯ ತಿದ್ದುವ ಪುಸ್ತಕ ಕೊಟ್ಟಿದ್ದಾನೆ. ಅದನ್ನೇ ಮುಗಿಸಲೇ?

ಉತ್ತರ: ಪುಸ್ತಕವನ್ನು ಪೂರ್ತಿ ಮುಗಿಸುವ ಅಗತ್ಯವಿಲ್ಲ. ಅದು ಹಳೆಯ ಜಿಮ್ಯಾಟ್‌ಗೆ ಮಾಡಿದ್ದು; 2023ರ ನವೆಂಬರ್‌ನಲ್ಲಿ ಬಂದ ಹೊಸ ಜಿಮ್ಯಾಟ್‌ನಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳೇ ಇಲ್ಲ. ಆ ಪುಸ್ತಕದಲ್ಲಿ ಕರ್ತೃ-ಕ್ರಿಯಾಪದಗಳ ಹೊಂದಾಣಿಕೆ ಮತ್ತು ವಿಶೇಷಣಗಳ (ಮಾಡಿಫೈಯರ್, ಅಂದರೆ ಇನ್ನೊಂದು ಪದವನ್ನು ವಿವರಿಸುವ ಪದ ಅಥವಾ ಪದಗುಚ್ಛ) ಅಧ್ಯಾಯಗಳನ್ನು ಓದಿ, ಉಳಿದದ್ದನ್ನು ಬಿಡಿ. ಸ್ಯಾಟ್ ಬಹಳವಾಗಿ ಕೇಳುವ ಲೇಖನಚಿಹ್ನೆಗಳ ವಿಷಯ ಅಂಥ ಪುಸ್ತಕಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಕಿವಿಯ ವಿಚಾರ. ಪ್ರಶ್ನೆ ಹೆಣೆಯುವವರು ನಿಮ್ಮ ಕಿವಿಯನ್ನು ಮೋಸಗೊಳಿಸಲೆಂದೇ ಕೂತಿರುತ್ತಾರೆ. ಈ ವಾಕ್ಯ ನೋಡಿ: ‘ದ ಕಲೆಕ್ಷನ್ ಆಫ್ ಕಾಯಿನ್ಸ್ ಫೌಂಡ್ ನಿಯರ್ ದ ಟೆಂಪಲ್ಸ್ ____ ನೌ ಇನ್ ಎ ಮ್ಯೂಸಿಯಂ.’ ಆಯ್ಕೆಗಳು: ಆರ್, ವರ್, ಹ್ಯಾವ್ ಬೀನ್, ಈಸ್. ‘ಟೆಂಪಲ್ಸ್’ ಪಕ್ಕದಲ್ಲೇ ಇರುವುದರಿಂದ ಕಿವಿ ‘ಆರ್’ ಎನ್ನುತ್ತದೆ. ಆದರೆ ಮ್ಯೂಸಿಯಂನಲ್ಲಿ ಇರುವುದು ಯಾವುದು? ಸಂಗ್ರಹ. ಅದು ಏಕವಚನ, ಹಾಗಾಗಿ ‘ಈಸ್’. ಆಯ್ಕೆಗಳನ್ನಷ್ಟೇ ನೋಡಿದರೂ ಸುಳಿವು ಸಿಗುತ್ತದೆ: ಮೂರು ಬಹುವಚನ, ಒಂದೇ ಏಕವಚನ. ಕನ್ನಡದಲ್ಲಿ ‘ನಾಣ್ಯಗಳ ರಾಶಿ ಸಿಕ್ಕಿತು’ ಎನ್ನುತ್ತೀರಿ. ‘ರಾಶಿ ಸಿಕ್ಕವು’ ಎಂದು ಮಗುವೂ ಹೇಳುವುದಿಲ್ಲ. ಶಾಲೆಯಲ್ಲಿ ಕರ್ತೃಪದ, ಕ್ರಿಯಾಪದ ಎಂದು ಗೆರೆ ಎಳೆಸುತ್ತಿದ್ದರಲ್ಲ, ಇಲ್ಲೂ ಅದನ್ನೇ ಮಾಡಿ.

ವಿಶೇಷಣಗಳಲ್ಲಂತೂ ಕನ್ನಡ ನಿಮ್ಮ ಪರವಾಗಿಯೇ ಇದೆ. ‘ಬಾಗಿಲು ತೆರೆದು ಬೆಕ್ಕು ಓಡಿಹೋಯಿತು’ ಎಂದರೆ ಬಾಗಿಲು ತೆರೆದದ್ದು ಬೆಕ್ಕೇ ಎಂದಾಗುತ್ತದೆ, ನಗು ಬರುತ್ತದೆ. ‘ಓಪನಿಂಗ್ ದ ಡೋರ್, ದ ಕ್ಯಾಟ್ ರ್‍ಯಾನ್ ಔಟ್’ ಎಂಬುದರಲ್ಲಿರುವ ದೋಷವೂ ಅದೇ. ಅಲ್ಪವಿರಾಮ ದಾಟಿದೊಡನೆ ಬರುವ ನಾಮಪದವೇ ಆ ಕೆಲಸ ಮಾಡಿದ್ದಾಗಿರಬೇಕು.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಮೈಸೂರು): ನನ್ನ ಮಗ ಅಲ್ಪವಿರಾಮ, ಅರ್ಧವಿರಾಮಗಳಲ್ಲೇ ಅಂಕ ಕಳೆದುಕೊಳ್ಳುತ್ತಾನೆ. ಅದಕ್ಕೂ ಕನ್ನಡ ನೆರವಾಗುತ್ತದೆಯೇ?

ಉತ್ತರ: ಇಲ್ಲ ಸರ್, ಇಲ್ಲಿ ಕನ್ನಡವೇ ಕಾಲೆಳೆಯುತ್ತದೆ. ‘ಮಳೆ ಬಂತು, ಆಟ ನಿಂತಿತು’ ಎಂದು ನಾವು ನಿಶ್ಚಿಂತೆಯಿಂದ ಬರೆಯುತ್ತೇವೆ. ಸ್ಯಾಟ್‌ನಲ್ಲಿ ಎರಡು ಪೂರ್ಣ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಜೋಡಿಸಿದರೆ ತಪ್ಪು. ಸಾಮಾನ್ಯವಾಗಿ ನಡುವೆ ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು. ಇಲ್ಲವೇ ಅಲ್ಪವಿರಾಮದ ಜೊತೆಗೆ ‘ಆ್ಯಂಡ್’, ‘ಬಟ್’, ‘ಸೋ’ ಥರದ ಪದ ಬೇಕು. ‘ಹೌಎವರ್’ ಈ ಗುಂಪಿಗೆ ಸೇರಿದ್ದಲ್ಲ. ಹುಡುಗರು ಮುಗ್ಗರಿಸುವುದು ಇಲ್ಲೇ.

ಒಂದು ಉಪಾಯವಿದೆ. ಪದಗಳು ಅವೇ ಇದ್ದು, ಒಂದು ಆಯ್ಕೆಯಲ್ಲಿ ಪೂರ್ಣವಿರಾಮ, ಇನ್ನೊಂದರಲ್ಲಿ ಅದೇ ಜಾಗದಲ್ಲಿ ಅರ್ಧವಿರಾಮ ಇದ್ದರೆ ಎರಡನ್ನೂ ಹೊಡೆದುಹಾಕಲು ಹೇಳಿ. ಅಲ್ಲಿ ಎರಡರ ಕೆಲಸವೂ ಒಂದೇ. ಉತ್ತರ ಎರಡಿರಲು ಸಾಧ್ಯವಿಲ್ಲ.

ಪ್ರಶ್ನೆ (ಮೊದಲಿನ ವಿದ್ಯಾರ್ಥಿನಿ): ಅಭ್ಯಾಸಕ್ಕೆ ಏನು ಬಳಸಲಿ ಮೇಡಂ? ಸಮಯವೂ ಸಾಲುತ್ತಿಲ್ಲ.

ಉತ್ತರ: ಸ್ಯಾಟ್ ನಡೆಸುವ ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ಬಿಡಿ ಪ್ರಶ್ನೆಗಳಿಗೆ ಖಾನ್ ಅಕಾಡೆಮಿ ಜಾಲತಾಣ ಸಾಕು. ಹಣ ಕೊಟ್ಟು ಕೊಳ್ಳುವ ಪ್ರಶ್ನೆಕಟ್ಟುಗಳಿಗೆ ಅವಸರ ಬೇಡ. ಅವುಗಳಲ್ಲಿ ಹಲವು, ಸ್ಯಾಟ್ ಕಂಪ್ಯೂಟರಿಗೆ ಬರುವ ಮುಂಚಿನ ಹಳೆಯ ಕಾಗದದ ಪರೀಕ್ಷೆಗೆ ಮಾಡಿದವು.

ಓದು-ಬರಹದ ವಿಭಾಗದಲ್ಲಿ ಎರಡು ಭಾಗಗಳು, ಒಂದೊಂದರಲ್ಲೂ 27 ಪ್ರಶ್ನೆ, 32 ನಿಮಿಷ. ವ್ಯಾಕರಣದವು ಭಾಗದ ನಡುವೆ ಒಟ್ಟಾಗಿ ಬರುತ್ತವೆ. ಕರ್ತೃ ಹುಡುಕುವ ರೂಢಿಯಾದರೆ ಇವು ಬೇಗ ಮುಗಿಯುತ್ತವೆ, ಉಳಿದ ಸಮಯ ಓದಿನ ಪ್ರಶ್ನೆಗಳಿಗೆ ಸಿಗುತ್ತದೆ. ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ‘ಕರ್ತೃ’, ‘ವಿಶೇಷಣ’, ‘ಚಿಹ್ನೆ’ ಎಂದು ಒಂದೇ ಪದ ಬರೆದಿಡಿ. ಯಾವುದು ಮತ್ತೆ ಮತ್ತೆ ಬರುತ್ತದೋ ಅದನ್ನು ಇಲ್ಲಿ ಹಾಕಿ, ನೋಡೋಣ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ; ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.